ಕಂಬಳಿಗೆ ಶಾಖ ಎಲ್ಲಿಂದ ಬಂತು?

ಡಿಸೆಂಬರ್ ಕೊನೆಯ ವಾರ. ಹಾಸನದ ಕಡೆಯ ಒಂದು ಹಳ್ಳಿ. ಬೆಂಗಳೂರಿನ ಶಾಲೆಗೆ ಕ್ರಿಸ್‌ಮಸ್ ರಜೆ ಸಿಕ್ಕಿದ್ದೇ ತಡ, ಒಂಬತ್ತನೇ ತರಗತಿಯ ಅಕ್ಕ ಮತ್ತು ಐದನೇ ತರಗತಿಯ ತಮ್ಮ ಅಪ್ಪ ಅಮ್ಮನ ಜೊತೆ ತಾತನ ಮನೆಗೆ ಬಂದಿಳಿದಿದ್ದಾರೆ. ಹತ್ತೇ ದಿನದ ರಜೆ. ಬೇಸಿಗೆ ರಜೆಯ ಮಾವಿನಕಾಯಿ, ಈಜು, ಜಾತ್ರೆ ಯಾವುದೂ ಈಗಿಲ್ಲ. ಬೆಳಿಗ್ಗೆ ಎಂಟಾದರೂ ಮಂಜು ಸರಿಯುವುದಿಲ್ಲ. ಸಂಜೆ ಆರೂವರೆ ದಾಟಿತೆಂದರೆ ಕತ್ತಲು. ಅಪ್ಪನ ಮೊಬೈಲ್ ಫೋನಿಗೆ ಸಿಗ್ನಲ್ ಬೇಕಾದರೆ ಹಿತ್ತಿಲಿನ ಹಲಸಿನ ಮರದ ಕೆಳಗೆ ಹೋಗಿ ನಿಲ್ಲಬೇಕು. "ಇಲ್ಲಿ ಮಾಡೋದಕ್ಕೆ ಏನಿದೆ?" ಎಂದು ತಮ್ಮ ಮೊದಲ ದಿನವೇ ಮುಖ ಸಣ್ಣದು ಮಾಡಿಕೊಂಡ.

ಏನಿದೆ ಎಂಬುದು ಮಾರನೆಯ ದಿನ ಬೆಳಗಾಗುತ್ತಲೇ ಅವನಿಗೆ ತಿಳಿಯತೊಡಗಿತು. ಅಂಗಳಕ್ಕೆ ಬಂದು ಬಾಯಿ ತೆರೆದರೆ ಹೊಗೆ! ಅವನೂ ಅಕ್ಕನೂ ಪಂದ್ಯ ಕಟ್ಟಿ 'ಬೀಡಿ ಸೇದುವ' ಆಟ ಆಡಿದ್ದೇ ಆಡಿದ್ದು. ಅದು ಹೊಗೆಯಲ್ಲವೆಂದು ಅಕ್ಕನಿಗೆ ಗೊತ್ತು. ನಮ್ಮ ಶ್ವಾಸಕೋಶದಿಂದ ಹೊರಬರುವ ಗಾಳಿ ಬೆಚ್ಚಗಿರುತ್ತದೆ, ಜೊತೆಗೆ ನೀರಾವಿಯಿಂದ ತುಂಬಿರುತ್ತದೆ. ತಣ್ಣನೆಯ ಗಾಳಿ ಅಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಹೆಚ್ಚಾದದ್ದು ಸಣ್ಣ ಸಣ್ಣ ಹನಿಗಳಾಗಿ ಬಿಳಿಯ ಮಂಜಿನಂತೆ ಕಾಣುತ್ತದೆ. ಗದ್ದೆಯ ಮೇಲೆ ಹಾಸಿಕೊಂಡಿರುವ ಮಂಜೂ ಇದೇ ಜಾತಿಯದು.

ಅಜ್ಜಿ ತಲೆಗೆ ಎಣ್ಣೆ ಹಚ್ಚಲು ಕರೆದಾಗ ಇನ್ನೊಂದು ಬೆರಗು. ಸೀಸೆಯಲ್ಲಿದ್ದ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿ ಕೂತಿದೆ. ಪಕ್ಕದ ಸೀಸೆಯ ಕಡಲೆಕಾಯಿ ಎಣ್ಣೆ ಮಾತ್ರ ಯಥಾಪ್ರಕಾರ ನೀರಿನಂತಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಾಸನದ ಸುತ್ತಮುತ್ತ ಡಿಸೆಂಬರಿನ ಬೆಳಗಿನ ಜಾವ ಉಷ್ಣಾಂಶ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿಯುವುದು ಸಾಮಾನ್ಯ. ಅಂದರೆ ಬಚ್ಚಲ ಗೂಡಿನಲ್ಲಿರುವ ಎಣ್ಣೆ ಸೀಸೆಯೇ ಮನೆಯ ಒಂದು ಥರ್ಮಾಮೀಟರು. ಎಣ್ಣೆ ಅರ್ಧ ಕರಗಿದಾಗ ನೋಡಿದರೆ ಗಟ್ಟಿ ಭಾಗ ತಳದಲ್ಲಿರುತ್ತದೆ. ನೀರಿನಲ್ಲಿ ಮಂಜುಗಡ್ಡೆ ತೇಲುವುದಕ್ಕೆ ಇದು ತದ್ವಿರುದ್ಧ. ಬಹುಪಾಲು ವಸ್ತುಗಳು ಎಣ್ಣೆಯ ಹಾಗೆ, ಗಟ್ಟಿಯಾದಾಗ ಕುಗ್ಗಿ ಮುಳುಗುತ್ತವೆ. ನೀರೇ ವಿಚಿತ್ರ.

ಕಂಬಳಿಯ ಗುಟ್ಟು

ಆ ರಾತ್ರಿ ಮಲಗುವಾಗ ತಾತ ಪೆಟ್ಟಿಗೆಯಿಂದ ಎರಡು ಕರಿ ಕಂಬಳಿ ತೆಗೆದರು. ಚಳ್ಳಕೆರೆ ಕಡೆಯ ಕುರುಬರು ನೇಯ್ದ ಉಣ್ಣೆ ಕಂಬಳಿ. ಮಳೆಗಾಲದಲ್ಲಿ ಅದೇ ಕೊಪ್ಪೆ, ಚಳಿಗಾಲದಲ್ಲಿ ಅದೇ ಹೊದಿಕೆ. ಹೊದ್ದ ತಕ್ಷಣ ತಮ್ಮನಿಗೆ ಚುಚ್ಚಿತು. ಹತ್ತು ನಿಮಿಷವಾದ ಮೇಲೆ ಅವನೇ ಹೇಳಿದ: "ತಾತ, ಈ ಕಂಬಳಿ ಬಿಸಿ ಬಿಡುತ್ತೆ!"

"ಬಿಸಿ ಬಿಡುತ್ತೋ? ಹಂಗಾದ್ರೆ ಪೆಟ್ಟಿಗೇಲಿದ್ದಾಗ ಯಾಕೆ ತಣ್ಣಗಿತ್ತು?" ಎಂದರು ತಾತ.

ಮರುದಿನ ಅಕ್ಕ ಪರೀಕ್ಷೆ ಏರ್ಪಡಿಸಿದಳು. ಫ್ರಿಜ್ಜಿನಿಂದ ಒಂದೇ ಅಳತೆಯ ಎರಡು ಮಂಜುಗಡ್ಡೆ ತೆಗೆದು ಎರಡು ಸ್ಟೀಲ್ ಬಟ್ಟಲಿನಲ್ಲಿಟ್ಟಳು. ಒಂದು ಬಟ್ಟಲನ್ನು ಹಾಗೇ ಬಿಟ್ಟಳು. ಇನ್ನೊಂದನ್ನು ಕಂಬಳಿಯಲ್ಲಿ ಚೆನ್ನಾಗಿ ಸುತ್ತಿದಳು. "ಯಾವುದು ಬೇಗ ಕರಗುತ್ತೆ?" ಕಂಬಳಿಯದ್ದೇ ಎಂದು ತಮ್ಮ ಘಂಟಾಘೋಷವಾಗಿ ಸಾರಿದ. ಅರ್ಧ ಗಂಟೆಯ ನಂತರ ಬಿಚ್ಚಿ ನೋಡಿದರೆ ಬಯಲಿನಲ್ಲಿದ್ದದ್ದು ಬಹುತೇಕ ನೀರಾಗಿತ್ತು. ಕಂಬಳಿಯೊಳಗಿನದು ಇನ್ನೂ ದಪ್ಪಗೆ ಉಳಿದಿತ್ತು!

ಕಂಬಳಿ ತಾನಾಗಿ ಬಿಸಿಯನ್ನೂ ಕೊಡುವುದಿಲ್ಲ, ತಂಪನ್ನೂ ಕೊಡುವುದಿಲ್ಲ. ಅದು ಕಾವಲುಗಾರ. ಗುಂಗುರಾದ ಉಣ್ಣೆ ಎಳೆಗಳ ನಡುವೆ ಲೆಕ್ಕವಿಲ್ಲದಷ್ಟು ಪುಟ್ಟ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲುಗಾಡದ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ನೀರಿಗೆ ಹೋಲಿಸಿದರೆ ಅದರ ವಾಹಕತೆ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಒಳಗಿನ ಶಾಖ ಹೊರಗೆ ಹೋಗಲಾರದು, ಹೊರಗಿನದು ಒಳಗೆ ಬರಲಾರದು. ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಚಳಿಗೆ ಮೇಲು ಎನ್ನುವುದೂ ಇದಕ್ಕೇ. ಎರಡರ ನಡುವೆ ಗಾಳಿಯ ಇನ್ನೊಂದು ಪದರ ಸಿಗುತ್ತದೆ. ಚಾಪೆಯ ಕೆಳಗೆ ಅಜ್ಜಿ ಹಾಸುವ ಗೋಣಿಚೀಲದ ಕೆಲಸವೂ ಅದೇ. ಬರಿಗಾಲಿಗೆ ನೆಲ ಕೊರೆಯುತ್ತದೆ, ಪಕ್ಕದ ಚಾಪೆ ಕೊರೆಯುವುದಿಲ್ಲ. ಎರಡರ ಉಷ್ಣಾಂಶವೂ ಒಂದೇ. ಆದರೆ ಸಿಮೆಂಟು ನೆಲ ಕಾಲಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ.

ಹಾಗಾದರೆ ಕಂಬಳಿಯೊಳಗಿನ ಶಾಖ ಯಾರದು? ಹೊದ್ದವರದ್ದೇ! ಸುಮ್ಮನೆ ಕುಳಿತ ದೊಡ್ಡವರೊಬ್ಬರ ದೇಹ ಹೆಚ್ಚುಕಡಿಮೆ 100 ವ್ಯಾಟ್ ಬಲ್ಬಿನಷ್ಟು ಶಾಖ ಹೊರಸೂಸುತ್ತದೆ. ನಿದ್ದೆಯಲ್ಲಿ ಇದು ಸ್ವಲ್ಪ ಕಡಿಮೆ. ಅಜ್ಜಿಯ ಮಗ್ಗುಲಲ್ಲಿ ಮುದುಡಿ ಮಲಗಿದ ಮೊಮ್ಮಗನಿಗೆ ಬೆಚ್ಚಗಾಗುವುದು ಏಕೆಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಅಡುಗೆಮನೆಯಲ್ಲಿ ಚಳಿ

ಚಳಿ ಮನುಷ್ಯರಿಗೆ ಮಾತ್ರವೇ? ಅಡುಗೆಮನೆಯಲ್ಲಿ ಅಜ್ಜಿ ಸಾಕಿಕೊಂಡಿರುವ ಕಣ್ಣಿಗೆ ಕಾಣದ ಜೀವಿಗಳಿಗೂ ಚಳಿಯೇ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೆ 40 ಡಿಗ್ರಿಯ ಆಸುಪಾಸಿನ ಉಗುರುಬೆಚ್ಚಗಿನ ಕಾವು ಬೇಕು. ಕೋಣೆ ತಣ್ಣಗಾದರೆ ಅವುಗಳ ಕೆಲಸ ನಿಧಾನ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಆದ್ದರಿಂದ ಅಜ್ಜಿ ಚಳಿಗಾಲದಲ್ಲಿ ಹಾಲನ್ನು ಒಂದಿಷ್ಟು ಹೆಚ್ಚು ಬೆಚ್ಚಗಿರುವಾಗಲೇ ಹೆಪ್ಪು ಹಾಕಿ, ಪಾತ್ರೆಗೆ ಹಳೆಯ ಪಂಚೆ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಡುತ್ತಾರೆ. ಅಕ್ಕಿ ಕಾಳುಗಳ ನಡುವೆಯೂ ಗಾಳಿಯೇ. ಪಾತ್ರೆಗೂ ಒಂದು ಕಂಬಳಿ! ದೋಸೆ ಹಿಟ್ಟು ಉಬ್ಬುವುದಕ್ಕೂ ಇದೇ ತೊಂದರೆ, ಇದೇ ಉಪಾಯ. ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಇಂಗಾಲದ ಡೈಆಕ್ಸೈಡ್ ಬಿಡುಗಡೆ ಮಾಡಿದರಷ್ಟೇ ಹಿಟ್ಟು ಹುದುಗುತ್ತದೆ. ಚಳಿಯಲ್ಲಿ ಅವುಗಳಿಗೆ ಹೆಚ್ಚು ಹೊತ್ತು ಕೊಡಬೇಕು.

ಮಧ್ಯಾಹ್ನದ ಕೆಲಸ ಅವರೆಕಾಯಿಯದು. ಮಂಕರಿ ತುಂಬ ಸೊಗಡವರೆ ಬಂದಿದೆ. ಬೆರಳಿಗೆಲ್ಲ ಸಿಪ್ಪೆಯ ಅಂಟು, ಮನೆಗೆಲ್ಲ ಅದರ ವಾಸನೆ. ಬಿಡಿಸಿದ ಕಾಳನ್ನು ನೆನೆಹಾಕಿ, ಮಾರನೆಯ ದಿನ ಎಲ್ಲರೂ ಸುತ್ತ ಕೂತು ಹಿತಕಬೇಕು. ತಮ್ಮನ ಬೆರಳಿನಿಂದ ಚಿಮ್ಮಿದ ಒಂದು ಬೇಳೆ ತಾತನ ಕನ್ನಡಕಕ್ಕೆ ಬಡಿದಾಗ ನಡುಮನೆಯಲ್ಲಿ ನಗೆಯೋ ನಗೆ.

"ಅಜ್ಜಿ, ಅವರೆ ಈಗಲೇ ಯಾಕೆ ಬರುತ್ತೆ?" ಎಂದಳು ಅಕ್ಕ. "ಹಗಲು ಗಿಡ್ಡ ಆದ್ರೇನೇ ಅದು ಹೂ ಬಿಡೋದು" ಎಂದರು ಅಜ್ಜಿ. ಅಜ್ಜಿಯ ಮಾತು ಸಸ್ಯಶಾಸ್ತ್ರಕ್ಕೆ ಪೂರ್ತಿ ಒಪ್ಪುತ್ತದೆ. ನಾಟಿ ಅವರೆ ಹಗಲಿನ ಉದ್ದವನ್ನು ಗುರುತಿಸಬಲ್ಲ ಗಿಡ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಮ್ಮ ಕಡೆ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನ್ 21ಕ್ಕೆ ಹೋಲಿಸಿದರೆ ಒಂದೂವರೆ ಗಂಟೆಯಷ್ಟು ಕಡಿಮೆ. ಮಳೆಗಾಲ ಕಳೆದು ಹಗಲು ಕುಗ್ಗುತ್ತಾ ಬಂದಾಗ ಈ ಗಿಡಕ್ಕೆ ಹೂ ಬಿಡುವ ಸೂಚನೆ ಸಿಗುತ್ತದೆ. ಈ ಕಟ್ಟುಪಾಡಿಲ್ಲದೆ ಎಲ್ಲ ಕಾಲದಲ್ಲೂ ಕಾಯಿ ಬಿಡುವ ಎಚ್‌ಎ-3, ಎಚ್‌ಎ-4 ಎಂಬ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದೆ. ಆದರೂ ಚಳಿಗಾಲದ ಸೊಗಡಿಗೆ ಕಾಯುವವರು ಕಾಯುತ್ತಲೇ ಇರುತ್ತಾರೆ.

ಒಂದು ಮೇಣದಬತ್ತಿ

ಅಂದು ಸಂಜೆ ಕರೆಂಟು ಹೋಯಿತು. ಅಮ್ಮ ಮೇಣದಬತ್ತಿ ಹಚ್ಚಿದರು. ಟಿವಿ ಇಲ್ಲವೆಂದು ಗೊಣಗುತ್ತಿದ್ದ ತಮ್ಮನನ್ನು ಅಕ್ಕ ಹತ್ತಿರ ಕೂರಿಸಿಕೊಂಡಳು.

ಮೇಣದಬತ್ತಿಗೂ ಚಳಿಗಾಲದ ರಜೆಗೂ ಹಳೆಯ ನಂಟಿದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ 1825ರಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ರಜೆಯ ಉಪನ್ಯಾಸಗಳನ್ನು ಆರಂಭಿಸಿತು. ಮೈಕೆಲ್ ಫ್ಯಾರಡೆ ಅಲ್ಲಿ 19 ಸಲ ಉಪನ್ಯಾಸ ಮಾಲೆ ನಡೆಸಿಕೊಟ್ಟರು. ಫ್ಯಾರಡೆ ಕಮ್ಮಾರನ ಮಗ. ಹೆಚ್ಚು ಓದಲು ಅನುಕೂಲವಿಲ್ಲದೆ ಹದಿನಾಲ್ಕನೇ ವಯಸ್ಸಿಗೇ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ ಸೇರಿ, ಅಲ್ಲಿಗೆ ಬರುತ್ತಿದ್ದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವರು. 1860-61ರ ಚಳಿಗಾಲದಲ್ಲಿ ಅವರು ಒಂದೇ ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡು ಆರು ಉಪನ್ಯಾಸ ಕೊಟ್ಟರು. ಕೊನೆಯ ಉಪನ್ಯಾಸದಲ್ಲಿ ಅವರು ಹೇಳಿದ್ದು, ಬತ್ತಿ ಉರಿಯುವುದಕ್ಕೂ ನಾವು ಉಸಿರಾಡುವುದಕ್ಕೂ ಇರುವ ಹೋಲಿಕೆಯನ್ನು.

ಅಕ್ಕ ಉರಿಯುವ ಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದಳು. ಗಾಜಿನ ಒಳಮೈ ಮಂಜಾಯಿತು. "ಬೆಳಿಗ್ಗೆ ನಮ್ಮ ಬಾಯಿಂದ ಬಂದಿತ್ತಲ್ಲ, ಅದೇ ನೀರಾವಿ!" ಎಂದ ತಮ್ಮ. ಜ್ವಾಲೆ ಸಣ್ಣದಾಗಿ, ನಡುಗಿ, ಆರಿಹೋಯಿತು. ಉರಿಯಲು ಬೇಕಾದಷ್ಟು ಆಮ್ಲಜನಕ ಅದಕ್ಕೆ ಸಿಗಲಿಲ್ಲ.

ಇನ್ನೊಂದು ಪ್ರಯೋಗಕ್ಕೆ ಅಜ್ಜಿಯ ಎಲೆಅಡಿಕೆ ತಟ್ಟೆಯೇ ಸಾಕಾಯಿತು. ಚಿಟಿಕೆ ಸುಣ್ಣವನ್ನು ಲೋಟ ನೀರಿನಲ್ಲಿ ಕದಡಿ ಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಸುಣ್ಣ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿಯನ್ನು ಬಗ್ಗಿಸಿಕೊಂಡು, ಒಣಗಿದ ಪರಂಗಿ ಎಲೆಯ ತೊಟ್ಟಿನಿಂದ ಅದರೊಳಗೆ ಮೆಲ್ಲಗೆ ಊದಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದಕ್ಕೆ ಇದೇ ಸಾಕ್ಷಿ. ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ಹೋಗದಂತೆ ದೊಡ್ಡವರು ಪಕ್ಕದಲ್ಲಿರಬೇಕು ಎಂಬುದನ್ನು ಮರೆಯಬಾರದು.

ಬತ್ತಿ ಮೇಣವನ್ನು ತಿಂದು, ಆಮ್ಲಜನಕ ಸೇವಿಸಿ, ಶಾಖ ಕೊಟ್ಟು, ನೀರಾವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ನಾವು ಮುದ್ದೆ, ಅವರೆಕಾಳಿನ ಸಾರು ತಿಂದು ಅದನ್ನೇ ಮಾಡುತ್ತೇವೆ, ಜ್ವಾಲೆಯಿಲ್ಲದೆ, ನಿಧಾನವಾಗಿ. ಕಂಬಳಿ ಕಾಯುವ ಶಾಖ ರಾತ್ರಿಯ ಊಟದಿಂದ ಬಂದದ್ದು. ಬತ್ತಿಗೂ ನಮಗೂ ಮುಖ್ಯವಾಗಿ ಬೇಕಾದದ್ದು ಮಾತ್ರ ಒಂದೇ, ಒಳ್ಳೆಯ ಗಾಳಿ.

ತಾತ ಹೇಳಿದ ಕಥೆ

ರಾತ್ರಿ ಚಳಿ ಇನ್ನೂ ಏರಿತು. ತಮ್ಮನಿಗೆ ಸಣ್ಣಗೆ ನೆಗಡಿ ಬೇರೆ. ಅಪ್ಪ ಬಚ್ಚಲೊಲೆಯ ಹತ್ತಿರ ಹೋಗಿ, "ಕೆಂಡ ಇನ್ನೂ ನಿಗಿನಿಗಿ ಅಂತಿದೆ. ಹಳೇ ಬಾಣಲೆಗೆ ಹಾಕಿ ಕೋಣೇಲಿಟ್ಟು, ಕಿಟಕಿ ಬಾಗಿಲು ಹಾಕ್ಕೊಂಡ್ರೆ ಮಕ್ಕಳಿಗೆ ಬೆಚ್ಚಗಿರುತ್ತೆ" ಎಂದರು.

"ಹೊಗೆ ಆಗಲ್ವಾ?" ಎಂದರು ಅಮ್ಮ.

"ಕೆಂಡದಲ್ಲಿ ಎಲ್ಲಿಯ ಹೊಗೆ?"

ಜಗಲಿಯಲ್ಲಿದ್ದ ತಾತ ಎದ್ದು ಬಂದರು. "ಬ್ಯಾಡ ಕಣಪ್ಪ. ಮಲಗೋ ಕೋಣೆಗೆ ಕೆಂಡ ಬ್ಯಾಡ" ಎಂದರು. ಅವರು ಮಗನಿಗೆ ಹಾಗೆ ಗಟ್ಟಿಯಾಗಿ ಹೇಳುವುದು ಅಪರೂಪ. ಎಲ್ಲರೂ ಅವರ ಮುಖ ನೋಡಿದರು.

ತಾತನಿಗೆ ಆಗ ಎಂಟೋ ಒಂಬತ್ತೋ ವರ್ಷ. ಅವರ ತಾಯಿ ಬಾಣಂತಿ. ಇಂಥದೇ ಪುಷ್ಯ ಮಾಸದ ಚಳಿ. ಬಾಣಂತಿಗೆ ಗಾಳಿ ತಾಗಬಾರದೆಂದು ಕೋಣೆಯ ಒಂದೇ ಕಿಟಕಿಗೆ ಗೋಣಿತಾಟು ಬಿಗಿದು, ಅಗ್ಗಿಷ್ಟಿಕೆಯ ತುಂಬ ಕೆಂಡವಿಟ್ಟು, ಬಾಗಿಲು ಮುಚ್ಚಿದ್ದರು. ಹುಡುಗನೂ ಅಮ್ಮನ ಜೊತೆ ಅಲ್ಲೇ ಮಲಗಿದ್ದ. ನಡುರಾತ್ರಿ ತಾಯಿಗೆ ತಲೆ ಸಿಡಿಯುವಂತಾಗಿ ಎಚ್ಚರವಾಯಿತು. ಮಗು ಅಳುತ್ತಿಲ್ಲ. ಹುಡುಗನನ್ನು ಅಲುಗಾಡಿಸಿದರೆ ಏಳುತ್ತಿಲ್ಲ. ಎದ್ದು ನಿಂತರೆ ಕಾಲಿನಲ್ಲಿ ಬಲವಿಲ್ಲ. ಮಗುವನ್ನು ಎದೆಗೆ ಅವುಚಿಕೊಂಡು ತೆವಳಿ ಬಾಗಿಲಿನವರೆಗೆ ಹೋಗಿ, ಅಗುಳಿ ತೆಗೆದು, ಹೊಸ್ತಿಲ ಮೇಲೆಯೇ ಬಿದ್ದರು. ಸದ್ದಿಗೆ ಮನೆಯವರು ಓಡಿ ಬಂದರು. ಮೂವರನ್ನೂ ಅಂಗಳಕ್ಕೆ ಹೊತ್ತು ತಂದರು.

"ಎರಡು ದಿನ ವಾಂತಿ, ತಲೆನೋವು. ಊರವರೆಲ್ಲ ಗಾಳಿ ಸೋಕಿದೆ ಅಂದ್ರು. ಯಂತ್ರ ಕಟ್ಟಿಸಿದ್ರು. ಆವತ್ತು ಅವ್ವನ ಮಡಿಲಲ್ಲಿದ್ದ ಕೂಸೇ ನಿಮ್ಮ ಅರಕಲಗೂಡಿನ ಅಜ್ಜಿ. ಅದೇನು ಸೋಕಿತ್ತೋ, ಇವತ್ತಿಗೂ ನಂಗೊತ್ತಿಲ್ಲ. ಆದ್ರೆ ಅವತ್ತಿಂದ ನಮ್ಮವ್ವ ಮಲಗೋ ಕೋಣೆಗೆ ಕೆಂಡ ತರೋಕೆ ಯಾರನ್ನೂ ಬಿಡಲಿಲ್ಲ" ಎಂದರು ತಾತ.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಕ್ಕ ಮೆಲ್ಲಗೆ ಹೇಳಿದಳು: "ತಾತ, ಅದು ಗಾಳಿ ಸೋಕಿದ್ದಲ್ಲ. ಗಾಳಿ ಸಾಲದೆ ಆದದ್ದು."

ಇದ್ದಿಲಿಗೆ ಸಾಕಷ್ಟು ಗಾಳಿ ಸಿಕ್ಕಿದರೆ ಅದು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದಿದ್ದರೆ ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಕೆಂಡದ ಮೇಲೆ ಒಮ್ಮೊಮ್ಮೆ ಕುಣಿಯುವ ನೀಲಿ ಜ್ವಾಲೆ, ಈ ಅನಿಲ ಉರಿಯುವುದರ ಗುರುತು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣುರಿಯೂ ಇಲ್ಲ, ಕೆಮ್ಮೂ ಇಲ್ಲ. ಹಸಿ ಸೌದೆಯ ಹೊಗೆಯಾದರೆ ನಮ್ಮನ್ನು ಎಬ್ಬಿಸಿ ಹೊರಗೆ ಓಡಿಸುತ್ತದೆ. ಹೊಗೆಯಿಲ್ಲದ ಕೆಂಡ ಎಬ್ಬಿಸುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವುದು ಹಿಮೋಗ್ಲೋಬಿನ್. ಮಾನಾಕ್ಸೈಡ್ ಅದಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಇಳಿಯದವರೇ ಹಿಡಿದುಕೊಂಡು ಕೂತಂತೆ! ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಎಚ್ಚರವಿದ್ದವರಿಗೆ ಇವು ಗೊತ್ತಾಗುತ್ತವೆ. ನಿದ್ದೆಯಲ್ಲಿದ್ದವರಿಗೆ ಗೊತ್ತಾಗದೆ ಪ್ರಾಣವೇ ಹೋಗಬಹುದು.

ತಾತ ಬಹಳ ಹೊತ್ತು ಸುಮ್ಮನಿದ್ದರು. "ಅರವತ್ತು ವರ್ಷದ ಮೇಲಾಯ್ತು ಕಣವ್ವ. ಯಾರೂ ಹೇಳಿರಲಿಲ್ಲ" ಎಂದರು.

ತಂದೆತಾಯಿಯರ ಗಮನಕ್ಕೆ

ಚಳಿಗಾಲ ಬಂತೆಂದರೆ ಇಂಥ ದುರಂತದ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಮಲಗುವ ಕೋಣೆಯಲ್ಲಿ ಕೆಂಡ, ಇದ್ದಿಲ ಒಲೆ ಬೇಡವೇ ಬೇಡ. ಕಿಟಕಿ ಒಂದಿಷ್ಟು ತೆರೆದಿದೆ ಎಂಬ ಧೈರ್ಯವೂ ಬೇಡ. ಬಾಣಂತಿ ಮತ್ತು ಹಸುಳೆಯ ಕೋಣೆಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪಟ್ಟಣದ ಮನೆಗಳಲ್ಲಿ ಅಗ್ಗಿಷ್ಟಿಕೆ ಇಲ್ಲದಿರಬಹುದು, ಗ್ಯಾಸ್ ಗೀಸರ್ ಇದೆ. ಕಿಟಕಿಯಿಲ್ಲದ ಚಿಕ್ಕ ಬಚ್ಚಲುಮನೆಯೊಳಗೆ ಅದು ಉರಿದರೂ ಇದೇ ಅನಿಲ ಹುಟ್ಟುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಕೂರಿಸಬೇಕು. ಸ್ನಾನ ಮಾಡುವಾಗ ತಲೆ ಸುತ್ತಿದಂತಾದರೆ ತಕ್ಷಣ ಬಾಗಿಲು ತೆರೆದು ಹೊರಬರಬೇಕು. ಯಾರಾದರೂ ಪ್ರಜ್ಞೆ ತಪ್ಪಿದ್ದರೆ ಮೊದಲು ಅವರನ್ನು ಬಯಲಿಗೆ ತಂದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಬೆಚ್ಚಗಿರಲು ಕೋಣೆಯೊಳಗೆ ಬೆಂಕಿ ಬೇಕಿಲ್ಲ. ಹೊಟ್ಟೆಗೆ ಬಿಸಿಯೂಟ, ಮೈಗೆ ಎರಡು ಪದರ ಬಟ್ಟೆ, ತಲೆಗೊಂದು ಟೋಪಿ, ಕಾಲಿಗೆ ಚೀಲ, ಕೆಳಗೊಂದು ದಪ್ಪ ಹಾಸಿಗೆ, ಮೇಲೊಂದು ಕಂಬಳಿ ಇದ್ದರೆ ಸಾಕು. ಶಾಖವನ್ನು ಹೊರಗಿನಿಂದ ಹೊತ್ತು ತರುವುದಕ್ಕಿಂತ ನಮ್ಮಲ್ಲಿರುವುದನ್ನು ಉಳಿಸಿಕೊಳ್ಳುವುದು ಸುಲಭ.

ಆ ರಾತ್ರಿ ಅಪ್ಪ ಕೆಂಡವನ್ನು ಬಚ್ಚಲೊಲೆಯಲ್ಲೇ ಬಿಟ್ಟು ಬಂದರು. ನಡುಮನೆಯಲ್ಲಿ ಗೋಣಿಚೀಲ, ಅದರ ಮೇಲೆ ಚಾಪೆ, ಅದರ ಮೇಲೆ ಜಮಖಾನ ಹಾಸಿದರು. ಎರಡು ಕಂಬಳಿಯ ಕೆಳಗೆ ಅಜ್ಜಿ, ಅಮ್ಮ ಮತ್ತು ಮಕ್ಕಳು ಒತ್ತೊತ್ತಾಗಿ ಮಲಗಿದರು. "ಒಟ್ಟು ಎಷ್ಟು ವ್ಯಾಟ್ ಆಯ್ತು?" ಎಂದು ಲೆಕ್ಕ ಹಾಕುತ್ತಲೇ ತಮ್ಮನಿಗೆ ನಿದ್ದೆ ಬಂದಿತ್ತು.

ಬೆಳಿಗ್ಗೆ ಅಕ್ಕಿ ಡಬ್ಬದೊಳಗೆ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮಂಜು ಇನ್ನೂ ಸರಿದಿರಲಿಲ್ಲ. ತಾತ ಕಂಬಳಿ ಹೊದ್ದು, ಮಗನ ಮೊಬೈಲ್ ಕೈಯಲ್ಲಿ ಹಿಡಿದು, ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹಲಸಿನ ಮರದ ಕೆಳಗೆ ಹೋಗಿ ನಿಂತರು. ಅರಕಲಗೂಡಿನ ನಂಬರು ಸಿಕ್ಕಿತು.

"ಏನೇ, ಎದ್ದಿದ್ದೀಯಾ? ಕೂಸಾಗಿದ್ದಾಗ ನಿಂಗೆ ಗಾಳಿ ಸೋಕಿತ್ತು ಅಂತಿದ್ರಲ್ಲ, ಅದು ಸುಳ್ಳಂತೆ ಕಣೇ. ತಡಿ, ನಮ್ಮ ಪುಟ್ಟಿ ಹೇಳ್ತಾಳೆ, ಕೇಳು."